ಆರು ಬಿಳಿ ಹೆಗಲು

ಸೋಹಾರಿನ ಹಿಂಗಲ್ಲಿಯಲ್ಲಿ ನಮ್ಮ ಬೇಕರಿ.
ಅದರ ಗೋಡೆಗೂ ಖಲ್ಫಾನನ ಅಜ್ಜಿಯ ಕಾಂಪೌಂಡಿಗೂ ನಡುವೆ
ಎರಡು ಮಂಚ ಹಿಡಿಸುವಷ್ಟು ಮಣ್ಣು.
ಮಣ್ಣೆಂದರೆ ಮಣ್ಣಲ್ಲ, ಉಪ್ಪು ಬೆರೆತ ಮರಳು.
ಸೀದ ರೊಟ್ಟಿ, ಚಹಾದ ಚರಟ, ಅಜ್ಜಿಯ ಆಡಿನ ಹಿಕ್ಕೆ
ವರ್ಷವಿಡೀ ತಿನ್ನಿಸಿದ ಮೇಲೆ
ಅಕ್ಟೋಬರಿನಲ್ಲಿ ಕಪ್ಪಗಾಯಿತು, ಸ್ವಲ್ಪ.

ಮೂರು ಕುಂಬಳ, ಎರಡು ಕರಬೂಜ.
ಬೀಜ ಅಜ್ಜಿಯದು, ನೀರು ಮಾಲೀಕನದು,
ಬೈಗುಳ ನನ್ನದು.

ಮಧ್ಯಾಹ್ನ ನಲ್ಲಿ ತಿರುಗಿಸಿದರೆ
ತಾರಸಿಯ ಟ್ಯಾಂಕಿನಿಂದ ಇಳಿಯುವುದು ಚಹಾಕ್ಕಾಗುವ ನೀರು.
ಒಂದು ಸಸಿ ಬೆಂದೇಹೋಯಿತು, ಕಣ್ಣೆದುರೇ.
ಆಮೇಲೆ ಡ್ರಮ್ಮಿನಲ್ಲಿ ಹಿಡಿದಿಟ್ಟು, ತಣಿಯಲು ಬಿಟ್ಟು,
ರಾತ್ರಿ ಹಿಟ್ಟು ನಾದುವ ಮುನ್ನ
ಬುಡಕ್ಕಷ್ಟೇ, ಎಲೆಗೆ ಹನಿ ತಾಗದಂತೆ.

ಬಳ್ಳಿ ಹಬ್ಬಿತು. ಹೂ ಬಿಟ್ಟಿತು, ಬರೀ ಗಂಡು.
ಹತ್ತು ದಿನ, ಇಪ್ಪತ್ತು ಹೂ, ಎಲ್ಲಾ ಗಂಡು.
ನಮ್ಮ ರೂಮಿನ ಹಾಗೆಯೇ, ಎಂದ ಮೊತಾಲೆಬ್,
ಆರು ಮಂಚಗಳತ್ತ ಗದ್ದ ತೋರಿಸಿ.
ನಾನು ನಗಲಿಲ್ಲ. ಕಾದೆ.

ನವೆಂಬರಿನ ಕೊನೆಗೆ
ಕತ್ತಿನ ಕೆಳಗೆ ಗೋಲಿಯಷ್ಟು ಮಿಡಿ ಹೊತ್ತು
ಮೊದಲ ಹೆಣ್ಣು ಹೂ.
ಅರಳಿತು, ಮುದುಡಿತು, ಮಿಡಿ ಹಳದಿಗಟ್ಟಿ ಉದುರಿತು.
ಎರಡನೆಯದೂ.
ಜೇನೆಲ್ಲಿ ಎಂದು ಕೇಳಿದರೆ ಅಜ್ಜಿ ಕೈಯೆತ್ತಿ
ಎಸಿ ಡಬ್ಬಗಳನ್ನು, ಆಚೆಯ ಕ್ರೇನನ್ನು ತೋರಿಸಿದಳು.
"ಜೇನು ಬೆಟ್ಟಕ್ಕೆ ಹೋಯಿತು, ಖಬ್ಬಾಜ್.
ನೀನೇ ಜೇನಾಗು."

ಹೂ ಬಾಯಿ ಬಿಡುವುದು ನಸುಕಿನಲ್ಲಿ;
ಒಂಬತ್ತಕ್ಕೆಲ್ಲ ಅಂಗಡಿ ಮುಚ್ಚುತ್ತದೆ.
ಊರೆಲ್ಲ ಮಲಗಿರುವ ಹೊತ್ತು, ನನ್ನ ಪಾಳಿ ಮುಗಿಯುವ ಹೊತ್ತು.
ಉಗುರಿನ ಹಿಟ್ಟು ತೊಳೆದು, ಕೈ ಒರೆಸಿ,
ಗಂಡು ಹೂವಿನ ಎಸಳು ಸುಲಿದು
ಹೆಣ್ಣಿನ ನಡುವಿಗೆ ಮೆಲ್ಲಗೆ ಸವರಬೇಕು.
ಹೋದೆ. ಹೆಣ್ಣು ಹೂ ಎರಡು ಅರಳಿ ಕೂತಿದ್ದವು.
ಗಂಡು ಒಂದೂ ಇಲ್ಲ.
ತೊಟ್ಟು ಮಾತ್ರ, ಕತ್ತರಿಯಲ್ಲಿ ಕತ್ತರಿಸಿದ್ದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.
ಆ ಗಾದೆ ಈ ಅಂಗಡಿಯಲ್ಲಿ ನಡೆಯದು;
ಆರೂ ಜನರ ಹೆಗಲು ಬೆಳಗಾಗುವಾಗ ಬಿಳಿ.
ಎಲೆಯೂ ಬಿಳಿ. ನನ್ನ ತೋಳಿನ ಮೈದಾ ಎಂದು ಊದಿದೆ,
ಹಾರಲಿಲ್ಲ. ಬೂದಿರೋಗ.
ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು,
ಬಿಸಿಲೇರುವ ಮುನ್ನ ಚಿಮುಕಿಸಿ,
ಕೆಟ್ಟ ಎಲೆ ಚಿವುಟಿ ದೂರ ಎಸೆದೆ.

ಕಳ್ಳನ ಸುಳಿವು ಮಧ್ಯಾಹ್ನ ಎಣ್ಣೆಯ ಘಮದಲ್ಲಿ ಬಂತು:
ಕಡಲೆಹಿಟ್ಟು, ಅರಿಸಿನ, ಗರಿಗರಿ ಹೂ.
ಮೊತಾಲೆಬ್ ತಟ್ಟೆ ಚಾಚಿದ.
"ನಮ್ಮ ಬರಿಶಾಲಿನಲ್ಲಿ ಗಂಡು ಹೂ ಇರುವುದೇ ಕರಿಯಲಿಕ್ಕೆ."
ಬೈಯಲೆಂದು ಬಾಯಿ ತೆರೆದೆ,
ತಿಂದುಬಿಟ್ಟೆ.
ಕರಾರು: ಏಳು ಗಂಟೆಯವರೆಗೆ ಹೂ ನನ್ನದು, ಆಮೇಲೆ ಅವನದು.

ಕಾಯಿ ಕಚ್ಚಿತು. ನೊಣ ಚುಚ್ಚದಂತೆ
ಒಂದೊಂದಕ್ಕೂ ರೊಟ್ಟಿಯ ಕಾಗದದ ಚೀಲ.
ದಾರಿಹೋಕರು ಬಳ್ಳಿ ನೋಡಿ ರೇಟು ಕೇಳಿದರು.
ಕರಬೂಜಕ್ಕೆ ಪಕ್ಕದ ಶಂಬೆಯ ಹಳೆಯ ಮುಂಡಾಸಿನ ಜೋಲಿ.

ಹಣ್ಣಾಗುವಾಗ ನೀರು ಕಡಿಮೆ ಮಾಡು, ಎಂದಿದ್ದಳು ಅಜ್ಜಿ.
ಕೇಳಲಿಲ್ಲ. ಪ್ರೀತಿ ಉಕ್ಕಿ ಒಂದು ಬಕೆಟ್ ಹೆಚ್ಚು ಸುರಿದೆ.
ಬೆಳಿಗ್ಗೆ ಜೋಲಿಯಲ್ಲಿ ಕರಬೂಜ ಬಿರಿದಿತ್ತು,
ಅಂಚಿಗುಂಟ ಇರುವೆಯ ಸಾಲು.
ಇರುವೆ ಒಂದು ಕಡೆಯಿಂದ, ನಾವು ಇನ್ನೊಂದು ಕಡೆಯಿಂದ.

ಉಳಿದದ್ದು ಒಂದೇ ಕುಂಬಳ, ಏಳು ಕಿಲೋ,
ಹಿಟ್ಟಿನ ತಕ್ಕಡಿಯಲ್ಲಿ.
ತೊಟ್ಟು ಒಣಗುವವರೆಗೆ ಕಾದು, ಉಗುರು ಊರಿ ನೋಡಿ ಕೊಯ್ದೆ.
ಅರ್ಧ ನಮಗೆ. ಇನ್ನರ್ಧ ಹೆಗಲಿಗೇರಿಸಿ,
ತೊಳೆದ ಬೀಜ ಪೊಟ್ಟಣ ಕಟ್ಟಿ
ಅಜ್ಜಿಯ ಬಾಗಿಲಿಗೆ ಒಯ್ದೆ.

ಅವಳು ಪೊಟ್ಟಣ ಬಿಚ್ಚಿ, ಎಣಿಸದೆ ಕೇಳಿದಳು:
ಎಲ್ಲಾ ಇವೆಯೇ?
ಎಲ್ಲಾ, ಎಂದೆ.

ಜೇಬಿನಲ್ಲಿ ಹನ್ನೊಂದು ಬೀಜ.
ಕೈ ತಾನಾಗಿಯೇ ಹೆಗಲಿಗೆ ಹೋಯಿತು.